ಬಿಸಿ ಬಾನೆಟ್ಟಿನ ಕೆಂಪು ಕಾರು

ಈ ಕಥೆ ಓದಿ ಕಣ್ಣು ಒದ್ದೆಯಾಗದವರು ಏಳು ಜಿಲ್ಲೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ... ಬೇಕಾದರೆ ಪಂದ್ಯ ಕಟ್ಟೋಣ!

ಹುಬ್ಬಳ್ಳಿಯ ಟೈಲ್ಸ್ ವ್ಯಾಪಾರಿ ಅಡಿವೆಪ್ಪ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದ. ಎರಡೇ ಬಾಗಿಲು, ಕೆಂಪು ಬಣ್ಣ... ಆ ಕೆಂಪು ನೋಡಿ ಸರ್ಕಲ್ಲಿನ ಸಿಗ್ನಲ್ಲೇ ನಾಚಿ ಹಸಿರಾಗುತ್ತಿತ್ತು!

ಹಾರ್ನ್ ಹೊಡೆದರೆ ಧಾರವಾಡದಲ್ಲಿ ಮಲಗಿದ ಕೂಸುಗಳು ಎದ್ದು ಕೂರುತ್ತಿದ್ದವು.

ಕೊಳ್ಳುವ ದಿನ ಬ್ರೋಕರನ ಅಂಗಳದಲ್ಲಿ ಬಾನೆಟ್ ಮೇಲೆ ಕೈಯಿಟ್ಟರೆ ಅದು ಬಿಸಿಯಾಗಿತ್ತು.

"ನಿಮಗಂತನ ರೆಡಿ ಇಟ್ಟೇನ್ರಿ ಸಾವ್ಕಾರ್ರ" ಎಂದ ಬ್ರೋಕರ್.

ಅಡಿವೆಪ್ಪ ಉಬ್ಬಿಹೋದ. ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿಯ ಹಾಗೆ ಬಿಸಿಬಿಸಿ ಕಾರು ಸಿಕ್ಕಿತಲ್ಲ ಎಂದುಕೊಂಡ...

ಎಂಜಿನ್ ನಿಜ ಹೇಳುವುದು ತಣ್ಣಗಿದ್ದಾಗ ಮಾತ್ರ ಎಂಬುದು ಗೊತ್ತಾದದ್ದು ಮರುದಿನ ಬೆಳಿಗ್ಗೆ.

ಕೀಲಿ ತಿರುಗಿಸಿದ. ನೀಲಿ ಹೊಗೆ... ಎಂಥ ಹೊಗೆ ಅಂದರೆ ಉಣಕಲ್ ಕೆರೆಯ ಕೊಕ್ಕರೆಗಳು ದಾರಿ ತಪ್ಪಿ ಗದಗ ಸೇರಿದವು!

"ಸೊಳ್ಳಿ ಔಷಧ ಹೊಡಿಯಾಕ ಬಂದಾರ ನೋಡ್ರಿ!" ಎಂದು ಎದುರುಮನೆಯ ಅಜ್ಜಿ ಕಿಟಕಿ ಮುಚ್ಚಿದಳು.

ಗ್ಯಾರೇಜಿನವನು ನೋಡಿ ತಲೆ ಅಲ್ಲಾಡಿಸಿದ. ಎಂಜಿನ್ ಎಣ್ಣೆ ಕುಡಿಯುತ್ತಿತ್ತು. ಎರಡನೇ ಗೇರ್ ಸವೆದಿತ್ತು. ಎಲ್ಲೋ ಗುದ್ದಿ ಮುರಿದ ಅಡಿಯ ಚೌಕಟ್ಟಿಗೆ ಬೆಸುಗೆ ಹಾಕಿ ಬಣ್ಣ ಬಳಿದಿದ್ದರು.

"ಇದು ಕಾರಲ್ರಿ... ಐಸಿಯುದಾಗಿನ ಪೇಷಂಟಿಗೆ ಮದುಮಗನ ಮೇಕಪ್ ಮಾಡ್ಯಾರ."

ಮೋಸ ಹೋದೆನೆಂದು ಗೊತ್ತಾದರೆ ಊರು ನಗುತ್ತದೆ. ಅಡಿವೆಪ್ಪನಿಗೆ ಕಾರಿಗಿಂತ ಮೀಸೆ ದೊಡ್ಡದು. ಸುಮ್ಮನೆ ಮಾರಿಬಿಡುವುದೆಂದು ನಿರ್ಧರಿಸಿದ.

ಬ್ರೋಕರನ ವಿದ್ಯೆಯನ್ನೆಲ್ಲ ತಾನೂ ಕಲಿತ. ಗಿರಾಕಿ ಬರುವ ಮೊದಲೇ ಒಂದು ಸುತ್ತು ಹೊಡೆದು ಎಂಜಿನ್ ಬಿಸಿ ಮಾಡಿದ. ಹೊಗೆ ಅಡಗಲು ದಪ್ಪ ಎಣ್ಣೆ ಸುರಿದ. ಗೇರಿನ ಗರಗರ ಕೇಳಿಸದಂತೆ ಹಾಡು ಜೋರಾಗಿ ಹಚ್ಚಿದ...

ಬಂದವರೆಲ್ಲ ಜೊತೆಗೆ ಮೆಕ್ಯಾನಿಕ್ ಕರೆತಂದರು, ಕಾರಿನ ಕೆಳಗೆ ಬಗ್ಗಿ ನೋಡಿದರು, ನಕ್ಕು ಹೋದರು.

ಕೊನೆಗೆ ಬಂದವನು ಮೌನೇಶ.

ಬಸ್ ಸ್ಟ್ಯಾಂಡ್ ಹತ್ತಿರ ಖಾನಾವಳಿ ನಡೆಸುವವನು. ಚಡ್ಡಿ ಹಾಕುವ ಕಾಲದಿಂದ ಗೆಳೆಯ. ಅಡಿವೆಪ್ಪನ ಅಪ್ಪ ತೀರಿಕೊಂಡಾಗ ಸ್ವಂತ ಮಗನಂತೆ ಹೆಗಲು ಕೊಟ್ಟವನು...

"ಲೇ ಅಡಿವ್ಯಾ, ಇಂಥಾ ಗಾಡಿ ಹೊರಗಿನವ್ರಿಗೆ ಮಾರ್ತೀಯಾ? ನಾ ಸತ್ತೀನೇನಲೇ?"

ಅಡಿವೆಪ್ಪ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. "ಬಾನೆಟ್ ತಗದು ನೋಡ್ಕೊಳಪಾ ಒಮ್ಮಿ..." ಎಂದ. ನೋಡಿಬಿಡಲಿ, ತಾನು ಹೇಳುವುದು ತಪ್ಪುತ್ತದೆ ಎಂದು ಅವನ ಮನಸ್ಸಿನ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು.

"ಹುಚ್ಚೇನಲೇ ನಿನಗ? ನಿನ್ನ ಗಾಡಿ ಬಾನೆಟ್ ಎತ್ತೂದಂದ್ರ, ನಿಮ್ಮವ್ವ ನೀಡಿದ ಅನ್ನ ಮೂಸಿ ನೋಡಿದಂಗ. ಕೀಲಿ ಕೊಡಲೇ ಸುಮ್ನ!"

ನಮ್ಮ ಕಡೆಯ ಜನ ಹೀಗೆಯೇ. ಹೊರಗಿನವನ ಹತ್ತಿರ ಬದನೆಕಾಯಿ ಕೊಂಡರೂ ಹೊರಳಿಸಿ ಹೊರಳಿಸಿ ನೋಡುತ್ತಾರೆ. ಗೆಳೆಯನ ಹತ್ತಿರ ಆನೆ ಕೊಂಡರೂ ಕಾಲು ನಾಲ್ಕಿವೆಯೇ ಎಂದು ಎಣಿಸುವುದಿಲ್ಲ!

ಮಾತು ಅಡಿವೆಪ್ಪನ ನಾಲಿಗೆಯ ತುದಿಗೆ ಬಂತು... ಆದರೆ ಕೀಲಿ ಅದಕ್ಕಿಂತ ಮೊದಲು ಕೈ ಬಿಟ್ಟಿತು.

ಮುಂದಿನ ವಾರ ಮೌನೇಶ ಹೆಂಡತಿಯನ್ನು ಕೂರಿಸಿಕೊಂಡು ಗೋಕರ್ಣಕ್ಕೆ ಹೊರಟ. ವಾಪಸ್ ಬರುವಾಗ, ಅರಬೈಲ್ ಘಾಟಿನ ಏರಿನಲ್ಲಿ, ಎರಡನೇ ಗೇರ್ ಹಾರಿತು. ಕಾರು ಹಿಂದೆ ಹಿಂದೆ ಜಾರಿತು... ಹಿಂದಿನ ಲಾರಿಯವನು ಬದಿಗೆ ಎಳೆದುಕೊಂಡಿದ್ದರಿಂದ ಜೀವ ಉಳಿಯಿತು. ಕಾರು ತಿರುಗಿ ಗುಡ್ಡಕ್ಕೆ ಬಡಿದು ಮೌನೇಶನ ಹೆಂಡತಿ ಪಾರ್ವತೆವ್ವನ ಹಣೆ ಒಡೆಯಿತು.

ಖಾನಾವಳಿಯಲ್ಲಿ ಕೇಳಿದವರಿಗೆಲ್ಲ ಮೌನೇಶ ಒಂದೇ ಮಾತು ಹೇಳಿದ. "ಗಾಡಿ ಛಲೋ ಐತ್ರಿ, ನನಗ ಹೊಡಿಯಾಕ ಬರಂಗಿಲ್ಲ."

ಆ ಮಾತು ಕಿವಿಗೆ ಬಿದ್ದ ದಿನ ಅಡಿವೆಪ್ಪನಿಗೆ ತುತ್ತು ಇಳಿಯಲಿಲ್ಲ. ಬೆಳಗಾಗುತ್ತಲೇ ಗೆಳೆಯನ ಮನೆಗೆ ಓಡಿದ.

"ಮೌನ್ಯಾ... ಗಾಡಿ ನನಗ ವಾಪಸ್ ಕೊಡಪಾ. ನಿನ್ನ ರೊಕ್ಕ ತಂದೀನಿ."

ಮೌನೇಶ ಬೈಯಲಿಲ್ಲ. ಅಂಗಳದಲ್ಲಿ ನಿಂತಿದ್ದ ಕಾರಿನ ಹತ್ತಿರ ಕರೆದೊಯ್ದು ಬಾನೆಟ್ ಎತ್ತಿದ.

"ಕೈ ಇಡು. ತಣ್ಣಗ ಐತಿಲ್ಲೋ? ನೀ ಬರೂ ಮುಂಚೆ ನಾ ಚಾಲೂ ಮಾಡಿಲ್ಲ."

ಅಡಿವೆಪ್ಪ ಕೈ ಹಿಂದಕ್ಕೆ ಎಳೆದುಕೊಂಡ.

"ಇದು ಎಣ್ಣಿ ಕುಡೀತದ. ಎರಡನೇ ಗೇರ್ ನಿಲ್ಲಂಗಿಲ್ಲ. ಬಾ ಇಲ್ಲಿ, ಬಗ್ಗು... ಇದು ಹಳೇ ಬೆಸುಗಿ. ಬೆರಳಾಡಿಸಿ ನೋಡು."

"ಸಾಕೋ ಮಾರಾಯಾ... ನನಗೆಲ್ಲಾ ಗೊತ್ತದ."

"ನಿನಗ ಗೊತ್ತಿತ್ತು ಅಂತ ನನಗೂ ಗೊತ್ತಾತು" ಎಂದ ಮೌನೇಶ. "ಆದ್ರೂ ಪೂರಾ ನೋಡ್ಕೊ. ನಾಳಿಗಿ ಮೌನೇಶ ಮುಚ್ಚಿಟ್ಟು ಮಾರಿದಾ ಅನಬಾರ್ದು."

ಹುಬ್ಬಳ್ಳಿಯ ಹುಲಿ ಎಂದು ತನ್ನನ್ನೇ ಕರೆದುಕೊಳ್ಳುತ್ತಿದ್ದ ಅಡಿವೆಪ್ಪ ಬಂಪರ್ ಹಿಡಿದು ನೆಲದ ಮೇಲೆ ಕುಸಿದು ಅತ್ತ.

ಮೌನೇಶ ಅವನನ್ನು ಎಬ್ಬಿಸಲಿಲ್ಲ. ಕೀಲಿಯನ್ನು ಅವನ ಕೈಗೂ ಕೊಡಲಿಲ್ಲ. ಕಾಂಪೌಂಡ್ ಗೋಡೆಯ ಮೇಲಿಟ್ಟು ಒಳಗೆ ಹೋದ.

ಹಣೆಗೆ ಪಟ್ಟಿ ಕಟ್ಟಿದ್ದ ಪಾರ್ವತೆವ್ವ ಬಾಗಿಲಿಗೆ ಬಂದು, "ಚಾ ಕುಡದು ಹೋಗ್ರಿ ಅಣ್ಣಾರ" ಎಂದಳು.

ಒಳಗಿನಿಂದ ಮೌನೇಶನ ದನಿ ಕೇಳಿಸಿತು. "ಬ್ಯಾಡ ಬಿಡು... ವ್ಯಾಪಾರ ಮುಗೀತು."

ಪರೀಕ್ಷಿಸದೆ ನಂಬುವವನು ಬದುಕಿನಲ್ಲಿ ಸಿಗುವುದೇ ಅಪರೂಪ; ಅವನಿಗೂ ಬಾನೆಟ್ ಎತ್ತುವುದನ್ನು ಕಲಿಸಿದವನಿಗೆ ಆಮೇಲೆ ಉಳಿಯುವುದು ಗಿರಾಕಿಗಳು ಮಾತ್ರ.

ನಿಮ್ಮ ಮುಖ ನೋಡಿಯೇ ಕೀಲಿ ತೆಗೆದುಕೊಂಡು ಹೋದವರು ಯಾರಾದರೂ ಇದ್ದಾರಾ... ಅವರಿಗೆ ನೀವು ಹೇಳದೆ ಉಳಿಸಿಕೊಂಡದ್ದು ಏನು?