ಕಸ್ತೂರೆವ್ವನ ಅಂಗೈ

ಸೋಮಲಿಂಗ ತಾನೇ ಕಟ್ಟಿದ ಫಜ್ ಪೆಡಲನ್ನು ಕಾಲಿನಿಂದ ಒತ್ತಿದೊಡನೆ ಪೆಡಲ್ ಮಾಡಿಸಿಕೊಳ್ಳಲು ಬಂದಿದ್ದ ಪ್ರೀತಿ ನುಡಿಸುತ್ತಿದ್ದ ಬೇಸ್ ಗಿಟಾರಿನ ದನಿ ಗರಗಸದಂತೆ ಒರಟಾಯಿತು. ಒರಟಾಗಬೇಕಾದದ್ದೇ. ಆದರೆ ಅಡಿಯ ಮಂದ್ರಸ್ವರ ಉಳಿಯಿತೇ? ಹಿಂದಿನ ಎರಡು ಪೆಡಲ್‌ಗಳು ಅದನ್ನೇ ನುಂಗಿದ್ದವು. ಈ ಸಲವೂ ಬಿಚ್ಚಬೇಕಾದೀತೆಂದು ಅವನು ಮುಚ್ಚಳಕ್ಕೆ ನಾಲ್ಕರಲ್ಲಿ ಎರಡೇ ಸ್ಕ್ರೂ ಹಾಕಿದ್ದ. ಬನಹಟ್ಟಿಯ ಆ ಓಣಿಯ ಮಗ್ಗಗಳ ಖಟಖಟದಲ್ಲಿ ಎಷ್ಟು ಕಿವಿಗೊಟ್ಟರೂ ಏನೂ ತಿಳಿಯಲಿಲ್ಲ.

"ಅಣ್ಣಾರ, ಈ ಸಲಾನೂ ಹೋತೇನ್ರಿ?" ಪ್ರೀತಿಯ ದನಿ ಇಳಿದಿತ್ತು. ನಾಳೆ ಜಮಖಂಡಿಯಲ್ಲಿ ಅವಳ ತಂಡದ ಮೊದಲ ಕಾರ್ಯಕ್ರಮ.

ಅಷ್ಟರಲ್ಲಿ ಸೋಮಲಿಂಗನ ಅವ್ವ ಕಸ್ತೂರೆವ್ವ ಒಳಗಿನಿಂದ ಬಂದಳು. ಮೂವತ್ತು ವರ್ಷ ಪವರ್‌ಲೂಮ್ ನಡೆಸಿ ಅವಳ ಕಿವಿ ಮಂದವಾಗಿತ್ತು. ಮಗ್ಗದ ಮೈ ಮುಟ್ಟಿಯೇ ಅದರ ಏರುಪೇರು ಹೇಳುತ್ತಿದ್ದಳು. ಈಗ ಆಂಪ್ಲಿಫೈಯರಿನ ಮೇಲೆ ಹಾಗೆಯೇ ಅಂಗೈ ಊರಿದಳು. "ಇನ್ನೊಮ್ಮಿ ಬಾರಸವಾ."

ಪ್ರೀತಿ ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದಳು. ಕಸ್ತೂರೆವ್ವನ ಬಳೆ ಸಣ್ಣಗೆ ಅದುರಿದವು.

"ಮೊದಲಿನವು ಬರೇ ತೊಗಲಿಗೆ ಜುಮ್ಮಂತಿದ್ದೂವು. ಇದು ಮೊಣಕೈತನಾ ಬಂತ ನೋಡಪಾ!"

ಸೋಮಲಿಂಗ ಅಂಗಿಯ ಕಿಸೆಯಿಂದ ಉಳಿದೆರಡು ಸ್ಕ್ರೂ ಹೊರತೆಗೆದ.