ಹೆಸರಿನ ಮೇಲಿನ ಹಾಳೆ

ಪುಸ್ತಕದ ಮೊದಲ ಪುಟಕ್ಕೆ ಗೋಂದು ಬಳಿದು ಮಿಸ್ ಪೆಟಿಗ್ರೂ ಅದರ ಮೇಲೊಂದು ಬಿಳಿ ಹಾಳೆ ಅಂಟಿಸಿದರು. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಶಾಲೆಗಳಿದ್ದ ಕಾಲದಲ್ಲಿ ಕರಿಯ ಮಕ್ಕಳಿಗೆಂದು ತಾವೇ ಕಟ್ಟಿದ ಶಾಲೆಯಲ್ಲಿ ಪ್ರಿನ್ಸಿಪಾಲರಾಗಿದ್ದ ಇಪ್ಪತ್ತೇಳು ವರ್ಷವೂ ಶಾಲೆ ಶುರುವಾಗುವ ಆಗಸ್ಟ್ ಬಂತೆಂದರೆ ಇದೇ ಕೆಲಸ. ಬಿಳಿಯರ ಶಾಲೆಯವರು ಓದಿ ಬಿಸಾಕಿದ ಪುಸ್ತಕಗಳೇ ಅಲ್ಲಿಗೆ ಬರುತ್ತಿದ್ದವು; ಅವುಗಳಲ್ಲಿ ಬರೆದಿದ್ದ ಬಿಳಿಯ ಮಕ್ಕಳ ಹೆಸರುಗಳು ತಮ್ಮ ಮಕ್ಕಳ ಕಣ್ಣಿಗೆ ಬೀಳಬಾರದಿತ್ತು. ಈ ವರ್ಷ ಸರ್ಕಾರದವರು ಅವರ ಶಾಲೆಯನ್ನು ಮುಚ್ಚಿ ಬಿಳಿಯರ ಶಾಲೆಗೆ ಸೇರಿಸಿದರು. ಇಲ್ಲಿ ಪ್ರಿನ್ಸಿಪಾಲರು ಮೊದಲೇ ಇದ್ದರು. ಇವರಿಗೆ ಸಿಕ್ಕಿದ್ದು ಪುಸ್ತಕದ ಕೋಣೆಯ ಬೀಗದ ಕೈ.

"ಮೇಡಂ, ಅದು ಹೊಸಾ ಪುಸ್ತಕ," ಅಂದಳು ನೆಲ ಒರೆಸುತ್ತಿದ್ದ ಲುಟೀಷಾ, ಒಂದು ಕಾಲದ ಅವರ ವಿದ್ಯಾರ್ಥಿನಿ. "ಅದ್ರಲ್ಲಿ ಯಾರ ಹೆಸ್ರೂ ಇಲ್ಲ."

ಮಿಸ್ ಪೆಟಿಗ್ರೂ ಅವರ ಕೈ ನಿಂತಿತು.

"ಆಗ ಅಂಟಿಸಿದ್ದೂ ದಂಡವೇ ಬಿಡಿ," ಅಂದಳು ಲುಟೀಷಾ. " ಕಿಟಕಿ ಬೆಳಕಿಗೆ ಹಿಡಿದು ಎಲ್ಲಾ ಓದ್ಕೋತಿದ್ವಿ. ನನ್ನ ಭೂಗೋಳದ ಪುಸ್ತಕ ಯಾರೋ ಪ್ಯಾಟ್ಸಿ ಅನ್ನೋಳದ್ದು. ನಿಮಗೆ ಬೇಜಾರಾಗುತ್ತೆ ಅಂತ ಒಬ್ರೂ ಬಾಯಿ ಬಿಡ್ಲಿಲ್ಲ."

ಮಿಸ್ ಪೆಟಿಗ್ರೂ ಎದ್ದು ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಟಿಸಿದ ಹಾಳೆಯಡಿ ಹೆಸರು ಬರೆಯುವ ಗೆರೆಗಳು ಖಾಲಿಯಾಗಿ ಕಂಡವು. ಪುಸ್ತಕವನ್ನು ಪಕ್ಕಕ್ಕಿಟ್ಟು, ಇನ್ನೊಂದು ಹೊಸ ಪುಸ್ತಕವನ್ನು ತೆರೆದು, ಗೋಂದಿನ ಕುಂಚವನ್ನು ಮತ್ತೆ ಅದ್ದಿದರು.