ಸಿರುಗುಪ್ಪದ ವೀಕ್ಷಕ

ಗಂಟೆ ಮತ್ತೆ ಬಡಿಯಿತು. ಗೌತಮಿ ಕೈಯಲ್ಲಿದ್ದ ತಾಮ್ರದ ತಂತಿಯನ್ನು ಮೇಜಿನ ಮೇಲೆ ಕುಕ್ಕಿದಳು.

ಎದುರಿಗೆ ಮೋಕ ಊರಿನ ಶಾಲೆಯಿಂದ ಬಂದ ಇಪ್ಪತ್ತು ಮಕ್ಕಳು ಸೆಲ್ಲು, ಅಯಸ್ಕಾಂತ, ತಂತಿ ಸುರುಳಿ ಇಟ್ಟುಕೊಂಡು ಪುಟ್ಟ ಮೋಟಾರು ತಿರುಗಿಸಲು ಹೆಣಗುತ್ತಿದ್ದರು. ಇನ್ನೇನು ಒಂದು ಸುರುಳಿ ತಿರುಗಬೇಕು, ಅಷ್ಟರಲ್ಲಿ ಈ ಗಂಟೆ.

"ಸಿರುಗುಪ್ಪ?" ಎಂದ ಸಹೋದ್ಯೋಗಿ ಹುಲುಗೇಶ್.

"ಮತ್ತ್ಯಾರಣ್ಣ."

ಬಳ್ಳಾರಿಯಿಂದ ಸಂಗನಕಲ್ಲಿಗೆ ಹೋಗುವ ರಸ್ತೆಯಲ್ಲಿದ್ದ ಆ ಚಿಕ್ಕ ವಿಜ್ಞಾನ ಕೇಂದ್ರದಲ್ಲಿ ಆನ್‌ಲೈನಿನಲ್ಲೂ ಆಡಿಸಬಹುದಾದದ್ದು ಒಂದೇ: ಮರಳಿನ ಲೋಲಕ. ಎಲ್ಲೋ ಕೂತವರು ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಇಲ್ಲಿ ಗಂಟೆ ಬಡಿಯುತ್ತದೆ, ನೋಡುವವರೇ ತಿರುಗಿಸಬಹುದಾದ ಕ್ಯಾಮೆರಾ ತೆರೆಯುತ್ತದೆ. ಅಯಸ್ಕಾಂತದಿಂದ ಕಳಚಿದ ಕಬ್ಬಿಣದ ಗುಂಡು ತೂಗಾಡುತ್ತ ಮರಳಿನ ಮೇಲೆ ಗೆರೆ ಎಳೆಯುತ್ತದೆ. ಅದು ನಿಂತ ಮೇಲೆ ಯಾರಾದರೂ ಹೋಗಿ ಮರಳು ಸಮ ಮಾಡಿ, ಗುಂಡನ್ನು ಎತ್ತಿ ಅಯಸ್ಕಾಂತಕ್ಕೆ ಅಂಟಿಸಬೇಕು.

ಆ ಕೆಲಸ ಗೌತಮಿಯದು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷದ ಹಿಂದೆ ಸೇರಿದವಳು. ಲೋಲಕವನ್ನು ಕಟ್ಟಿದವಳೂ ಅವಳೇ. ಜಾಲತಾಣದ ಪುಟದ ಕೆಳಗೆ 'ತಯಾರಿಕೆ: ಗೌತಮಿ, ಬಾದನಹಟ್ಟಿ' ಎಂದು ತನ್ನ ಹಳ್ಳಿಯ ಹೆಸರಿನ ಸಮೇತ ಬರೆಸಿದ ದಿನ ಅವಳು ಮನೆಗೆ ಮೈಸೂರು ಪಾಕು ಒಯ್ದಿದ್ದಳು.

ಈಗ ಆ ಹೆಸರು ಅಳಿಸಿದರೆ ಸಾಕಾಗಿತ್ತು.

ಜೂನ್ ಮೊದಲ ವಾರದಿಂದ ದಿನಕ್ಕೆ ಐದು ಸಲ, ಆರು ಸಲ. ಎಲ್ಲ ಒಂದೇ ಕಡೆಯಿಂದ. ನೋಂದಾಯಿಸಿದ ಹೆಸರು ದೊಡ್ಡಬಸಪ್ಪ, ಊರು ಸಿರುಗುಪ್ಪ. ಭಾನುವಾರ ಮಾತ್ರ ಬಿಡುವು. ದಾರ ಗಿಡ್ಡ ಮಾಡಿದರೆ ತೂಗಾಟ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆ ಪುಟದಲ್ಲೇ ಇತ್ತು. ಅವನು ಒಮ್ಮೆಯೂ ಉತ್ತರಿಸಿರಲಿಲ್ಲ.

ಮೊದಲು ಅವಳಿಗೆ ಬರೀ ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ದಿನ ದಾಖಲೆ ತೆರೆದು ನೋಡಿದಳು. ಉಳಿದ ವೀಕ್ಷಕರು ಗುಂಡು ನಿಂತ ಕೂಡಲೇ ಹೋಗುತ್ತಿದ್ದರು. ಇವನದು ಅಲ್ಲಿಂದಲೇ ಶುರು. ಅವಳು ಬಂದ ಕೂಡಲೇ ಕ್ಯಾಮೆರಾವನ್ನು ಮರಳಿನಿಂದ ಅವಳ ಕಡೆಗೆ ತಿರುಗಿಸುತ್ತಿದ್ದ. ಅವಳು ಸ್ಪ್ಯಾನರ್ ಹಿಡಿದು ಬಗ್ಗಿದರೆ ದೃಶ್ಯವನ್ನು ಹತ್ತಿರಕ್ಕೆ ತರುತ್ತಿದ್ದ. ಅವಳು ಆಚೆ ಹೋದ ಮೇಲೆಯೇ ಮುಚ್ಚುತ್ತಿದ್ದ.

ಅವಳು ದಾಖಲೆ ಮುಚ್ಚಿದಳು. ನೇರವಾಗಿ ಮೇಲ್ವಿಚಾರಕ ಮೈಲಾರಪ್ಪನವರ ಕೋಣೆಗೆ ಹೋದಳು.

"ನಾಕು ಮಂದಿ ನೋಡ್ಲಿ ಅಂತನ ಇಟ್ಟೀವವ್ವ," ಎಂದರು ಅವರು, ಫೈಲಿನಿಂದ ತಲೆ ಎತ್ತದೆ. "ದಿನಾ ತಪ್ಪದ ನೋಡೋನು ಅವನೊಬ್ಬನ. ಅವನ್ನೂ ಓಡಿಸಬ್ಯಾಡ."

"ಅವನು ನೋಡಾದು ಲೋಲಕ ಅಲ್ರೀ ಸಾರ್."

ಮೈಲಾರಪ್ಪ ಪುಟ ತಿರುವಿದರು.

ಹುಲುಗೇಶನೇ ಒಂದು ದಾರಿ ಹೇಳಿದ. ಸೋಮವಾರದಿಂದ ಮರಳು ಸಮ ಮಾಡಲು ತಾನು ಹೋಗುತ್ತೇನೆ ಎಂದ. ಗಂಟೆ ಬಡಿಯಿತು, ಅವನು ಹೋದ. ಅವನ ಮುಖ ಕಂಡದ್ದೇ ತಡ, ಸಿರುಗುಪ್ಪದವನು ಮುಚ್ಚಿಬಿಟ್ಟ. ಐದು ನಿಮಿಷಕ್ಕೆ ಮತ್ತೆ ಗಂಟೆ. ಮತ್ತೆ ಹುಲುಗೇಶ್. ಮತ್ತೆ ಮುಚ್ಚಿತು. ಮಂಗಳವಾರವೂ ಹಾಗೆಯೇ. ಬುಧವಾರ ಮಧ್ಯಾಹ್ನ ಪುಟದ ಅಭಿಪ್ರಾಯದ ಚೌಕದಲ್ಲಿ ಮೊದಲ ಸಲ ಮಾತು ಬಂತು:

'ಗಂಡಸು ಬೇಡ. ಆ ಹುಡುಗಿಯನ್ನೇ ಕಳಿಸಿ. ಬೇಗ.'

ಗೌತಮಿ ಅದನ್ನು ಎರಡು ಸಲ ಓದಿದಳು. ನಂತರ ಒಂದು ಹಾಳೆ ತೆಗೆದುಕೊಂಡು, ತನ್ನನ್ನು ಸ್ಟೋರ್ ರೂಮಿನ ಕೆಲಸಕ್ಕೆ ಹಾಕಿರೆಂದು ಅರ್ಜಿ ಬರೆದಳು. ತಾನೇ ಕಟ್ಟಿದ ಲೋಲಕವನ್ನು ಬಿಟ್ಟುಕೊಡಬೇಕಲ್ಲ ಎಂದು ಕಣ್ಣು ತುಂಬಿತು. ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

"ಪೊಲೀಸರಿಗೆ ಹೇಳಾಣ," ಎಂದ ಹುಲುಗೇಶ್.

"ಹೇಳಾಣ. ಮೊದಲು ಅವನ ಮುಖ ನೋಡ್ತೀನಿ."

ಗುರುವಾರ ಇಬ್ಬರೂ ರಜೆ ಹಾಕಿ ಸಿರುಗುಪ್ಪದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಗೌತಮಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಮಸೆಯುತ್ತಿದ್ದಳು. ನೋಂದಣಿಯಲ್ಲಿದ್ದ ವಿಳಾಸ ಕೇಳುತ್ತ ಹೋದರೆ ಸಿಕ್ಕಿದ್ದು ಒಂದು ಹೈಸ್ಕೂಲು. ದೊಡ್ಡಬಸಪ್ಪ ಎಂದರೆ ಅಲ್ಲಿಯ ಹೆಡ್ ಮಾಸ್ತರು. ಅವಳ ಸಿಟ್ಟು ಇಮ್ಮಡಿಯಾಯಿತು. ಮಕ್ಕಳಿಗೆ ಪಾಠ ಹೇಳುವವನು!

ಹೆಡ್ ಮಾಸ್ತರ ಕೋಣೆಯಲ್ಲಿದ್ದ ಕನ್ನಡಕದ ಮನುಷ್ಯ ಅವಳನ್ನು ಕಂಡೊಡನೆ ಕುರ್ಚಿಯಿಂದ ಎದ್ದು ನಿಂತರು.

"ಲೋಲಕದ ಹುಡುಗಿ ಅಲ್ಲೇನ್ರಿ ನೀವು?"

ಅವಳ ಮುಖ ಅವರಿಗೆ ಅಷ್ಟು ಚೆನ್ನಾಗಿ ಗುರುತಿತ್ತು.

"ಮೂರು ವಾರದಿಂದ ನನ್ನ ನೋಡಾಕ ಹತ್ತೀರಿ," ಎಂದಳು ಗೌತಮಿ. ಮಸೆದಿಟ್ಟ ಮಾತೆಲ್ಲ ಮರೆತುಹೋಗಿತ್ತು. "ಯಾಕ್ರಿ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೆಸರು ನಂದು, ಖರೆ ಐತ್ರಿ. ನೋಡೋರು ಬ್ಯಾರೆ."

"ಎಷ್ಟು ಮಂದಿ?"

"ಇಲ್ಲಿತನಕ ಹದಿನೇಳು ಗಂಡಸರು. ಒಬ್ಬೊಬ್ಬರಿಗೂ ಐದಾರು ಸಲ ತೋರಿಸೀವಿ."

ಹುಲುಗೇಶ್ ಮೇಜಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿದ. ದೊಡ್ಡಬಸಪ್ಪ ಹಿಂದೆ ಸರಿಯಲಿಲ್ಲ. "ಹದಿನೆಂಟನೆಯವ್ರು ಈಗ ಒಳಗದಾರ. ಬರ್ರಿ," ಎಂದು ಪಕ್ಕದ ಕೋಣೆಯ ಬಾಗಿಲು ತಳ್ಳಿದರು.

ಒಂದೇ ಕಂಪ್ಯೂಟರು. ಪರದೆಯ ಮೇಲೆ ಅವಳ ಲೋಲಕ ಯಾರೂ ಎತ್ತಿಡುವವರಿಲ್ಲದೆ ನಿಂತಿತ್ತು. ಅದರ ಮುಂದೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಒಬ್ಬ ಮನುಷ್ಯ ಬಿಗಿ ಮುಖ ಮಾಡಿಕೊಂಡು ಕೂತಿದ್ದ. ಗೋಡೆಗೆ ಒರಗಿ ಹದಿನಾಲ್ಕರ ಹುಡುಗಿಯೊಬ್ಬಳು ನೆಲ ನೋಡುತ್ತಿದ್ದಳು. ಗುಂಡಿಯನ್ನು ಒತ್ತುತ್ತಲೇ ಇದ್ದ ವಿಜ್ಞಾನದ ಟೀಚರ್ ಸುನಂದಾ ತಿರುಗಿ ನೋಡಿದರು. ಗೌತಮಿಯನ್ನು ಕಂಡು ಅವರ ಕೈ ಅಲ್ಲೇ ನಿಂತಿತು.

"ಮಗಳಿಗೆ ಮದುವಿ ಮಾಡ್ತೀನಿ, ಸಾಲಿ ಬಿಡಸ್ತೀನಿ ಅಂತ ಟಿ.ಸಿ. ಕೇಳಾಕ ಬಂದ ಅಪ್ಪಂದಿರಿಗೆ, ನಮ್ಮ ಕಡಿ ಹುಡುಗಿ ಓದಿದ್ರ ಏನಾಗ್ತಾಳ ನೋಡ್ರಿ ಅಂತ ನಿಮ್ಮನ್ನ ತೋರಿಸ್ತಿದ್ದೆ ತಂಗಿ," ಎಂದರು ಅವರು. "ನೀವು ಕಾಣದ ಆ ಮೂರು ದಿನದಾಗ ಇಬ್ಬರು ಹುಡುಗ್ಯಾರು ಸಾಲಿ ಬಿಟ್ಟು ಹೋದ್ರು."